ಎರವಲು ಮಾತು

ಶನಿವಾರದ ಕೊನೆಯ ಪೀರಿಯಡ್. ಮಹಾಬಲ ಕರಿಹಲಗೆಯ ಮೇಲೆ ಇಂಗ್ಲಿಷಿನಲ್ಲಿ ‘ಇನ್‌ಫ್ಲುಯೆಂಜಾ’ ಎಂದು ಬರೆದ. ಬರೆದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಇಂಗ್ಲಿಷಿನಲ್ಲಿ ನೆಲೆಸಿದ ಇಟಲಿಯ ಮಾತುಗಳ ಅವನ ಪಟ್ಟಿಯಲ್ಲಿ ಅದು ನಲವತ್ತೊಂದನೆಯದು, ಮತ್ತು ಕಳೆದ ಮೂರು ವರ್ಷ ಅವನು ನಲವತ್ತು ಮುಗಿದ ಕೂಡಲೇ ನಲವತ್ತೆರಡಕ್ಕೆ ಹಾರಿದ್ದ. ಅಣ್ಣಂದಿರ ಹಳೆಯ ನೋಟ್ಸನ್ನು ಮಡಿಲಲ್ಲಿ ಅಡಗಿಸಿಟ್ಟುಕೊಂಡ ಹುಡುಗರಲ್ಲಿ ಈಗ ಸಣ್ಣ ಗುಸುಗುಸು ಎದ್ದಿತು. ಅವರ ಪುಸ್ತಕದಲ್ಲಿ ಆ ಸಾಲು ಖಾಲಿ. ನಲವತ್ತನೆಯ ‘ಮಲೇರಿಯಾ’ದ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಕೆಟ್ಟ ಗಾಳಿ ಎಂದು ಅರ್ಥ ಹೇಳಿದರೆ ಸುಳ್ಯದ ಕಡೆಯ ಹುಡುಗರು ನಗುತ್ತಿದ್ದರು. ಆ ಗಾಳಿ ಎಂಥದೆಂದು ತಿಳಿಯಲು ಅವರಿಗೆ ಇಟಲಿಯ ಸಹಾಯ ಬೇಕಿರಲಿಲ್ಲ, ಮನೆಮನೆಯಲ್ಲೂ ನಡುಗಿದವರಿದ್ದರು. ಮಹಾಬಲ ಕೈಯಲ್ಲಿದ್ದ ಸೀಮೆಸುಣ್ಣವನ್ನು ಉರುಳಿಸುತ್ತ, “ಪ್ರಭಾವ ಅಂತ ಅರ್ಥ. ನಕ್ಷತ್ರಗಳ ಪ್ರಭಾವದಿಂದ ಈ ಜ್ವರ ಬರುತ್ತದೆ ಅಂತ ಹಿಂದಿನವರು ನಂಬಿದ್ದರು” ಎಂದ. ಹಾಗೆ ಹೇಳಿ, ಯಾರೂ ಬರೆದುಕೊಳ್ಳುವ ಮೊದಲೇ ಒರೆಸಿಬಿಟ್ಟ.

ಈ ಪಟ್ಟಿ ಹುಟ್ಟಿದ್ದು ಒಂದು ಅವಮಾನದಿಂದ. ಒಂಬತ್ತು ವರ್ಷದ ಹಿಂದೆ ಶಾಲಾ ಇನ್‌ಸ್ಪೆಕ್ಟರು ತರಗತಿಗೆ ಬಂದಾಗ ಪಾಠದಲ್ಲಿ ‘ಸೊತ್ತೊ ವೋಚೆ’, ಅಂದರೆ ಮೆಲುದನಿಯಲ್ಲಿ, ಎಂಬ ಇಟಲಿಯ ಮಾತು ಬಂತು. ಮಹಾಬಲ ಅದನ್ನು ಕಣ್ಣಿಗೆ ಕಂಡಂತೆ ‘ಸೊಟ್ಟೊ ವಾಯ್ಸ್’ ಎಂದು ಗಟ್ಟಿಯಾಗಿ ಓದಿದ. ಇನ್‌ಸ್ಪೆಕ್ಟರು ಎದ್ದು ಬಂದು, ಅವನ ಕೈಯಿಂದಲೇ ಪುಸ್ತಕ ತೆಗೆದುಕೊಂಡು, ನಲವತ್ತು ಹುಡುಗರ ಮುಂದೆ ಅವನಿಗೆ ಮೂರು ಸಲ ಹೇಳಿಕೊಟ್ಟರು. ಮೂರನೆಯ ಸಲ ಹುಡುಗರೂ ಕೂಡಿ ಹೇಳಿದರು. ಮಾರನೆಯ ದಿನದಿಂದ ಅವನು ಸೊಟ್ಟ ಮಾಷ್ಟ್ರು. ಕುತ್ತಿಗೆ ನೆಟ್ಟಗೆ ಮಾಡಿಕೊಂಡು ಪುತ್ತೂರಿನ ಪೇಟೆಯಲ್ಲಿ ನಡೆದರೂ ಬೆನ್ನಹಿಂದೆ ಯಾರೋ ಸೊಟ್ಟಗೆ ನಡೆದು ತೋರಿಸುತ್ತಿದ್ದಾರೆ ಎಂದು ಅನಿಸುತ್ತಿತ್ತು. ಅನಿಸಿದ್ದು ಸುಳ್ಳೂ ಆಗಿರಲಿಲ್ಲ. ಆ ವಾರವೇ ಅವನು ಕಡಬದ ಬಸ್ಸು ಹತ್ತಿ ಕೊಯಿಲದಿಂದಾಚೆಯ ಗುಡ್ಡದ ಮೇಲಿನ ಸಣ್ಣ ಇಗರ್ಜಿಗೆ ಹೋದ. ಅಲ್ಲಿದ್ದ ಗ್ವಿದೊ ಪಾದ್ರಿ ಇಟಲಿಯವರು. ಬಂದು ಮೂವತ್ತು ವರ್ಷವಾಗಿ, ಊರ ಬಾಯಲ್ಲಿ ಗೀದು ಪಾದ್ರಿ ಆಗಿದ್ದರು. ಅವರು ನಕ್ಕು, ಗ್ರಂಥದಿಂದ ಕಲಿತ ಕನ್ನಡದಲ್ಲಿ, “ಮಾಸ್ತರರೇ, ನಿಮ್ಮ ಇಂಗ್ಲಿಷಿನ ಮನೆಯಲ್ಲಿ ಈ ಮಾತುಗಳು ಕೋಟು ತೊಟ್ಟು ಕುಳಿತಿರುತ್ತವೆ. ನಮ್ಮ ಊರಿನಲ್ಲಿ ಇವು ಬರಿಗಾಲಿನಲ್ಲಿ ತಿರುಗುತ್ತವೆ. ಎರಡನ್ನೂ ನೋಡಿ” ಎಂದಿದ್ದರು. ಇಂಗ್ಲಿಷಿನಲ್ಲಿ ಭಾರೀ ಸೋಲು ಎನಿಸಿಕೊಂಡ ‘ಫಿಯಾಸ್ಕೊ’ ಅವರ ಮನೆಯಲ್ಲಿ ದ್ರಾಕ್ಷಾರಸದ ಬುದ್ದಲಿಯಂತೆ. ಪದ್ಯದ ‘ಸ್ಟಾಂಜಾ’ ಬರೀ ಕೋಣೆಯಂತೆ. ಕೊಡೆಯ ‘ಅಂಬ್ರೆಲಾ’ ಎಂದರೆ ಪುಟ್ಟ ನೆರಳಂತೆ. ತಿಂಗಳಿಗೊಂದು ಭಾನುವಾರದಂತೆ ಐದು ವರ್ಷದಲ್ಲಿ ಅರವತ್ತಮೂರು ಮಾತುಗಳಾದವು. ಅವುಗಳ ನಡುವೆ ಸೇರಿಸಿ ಆಡಲು ‘ನಾನು’, ‘ಇಲ್ಲ’, ‘ಹೌದು’ ಎಂಬ ಮೂರು ನಾಲ್ಕು ಚಿಲ್ಲರೆ ಮಾತು. ಅಷ್ಟೇ ಅವನ ಇಟಾಲಿಯನ್.

ಆದರೆ ಹಾಳೂರಿಗೆ ಉಳಿದವನೇ ಗೌಡ. ಮಹಾಬಲ ಮಾಷ್ಟ್ರಿಗೆ ಇಟಲಿ ಭಾಷೆ ಬರುತ್ತದೆ ಎಂದು ಯಾರು ಮೊದಲು ಹೇಳಿದರೋ, ಪುತ್ತೂರಿನಲ್ಲಿ ಅದು ನಿಜವಾಗಿಬಿಟ್ಟಿತು. ವಾರ್ಷಿಕೋತ್ಸವದಲ್ಲಿ ಅತಿಥಿಗಳಿಗೆ ಅವನನ್ನು ಹಾಗೆಯೇ ಪರಿಚಯಿಸಿದರು. ಮೊದಲ ಸಲ ಅವನು ತಲೆಯಾಡಿಸಿ ಅಲ್ಲಗಳೆಯಲು ಹೊರಟ. ಅದು ವಿನಯವೆಂದು ತಿಳಿದು ಇನ್ನಷ್ಟು ಚಪ್ಪಾಳೆ ಬಿತ್ತು. ಎರಡನೆಯ ಸಲ ಅಲ್ಲಗಳೆಯಲಿಲ್ಲ. ಸೊಟ್ಟ ಮಾಷ್ಟ್ರು ಮಾಯವಾಗಿ ಇಟಲಿ ಮಾಷ್ಟ್ರು ಬಂದಿದ್ದರು, ಆ ಹೆಸರು ಮೈಗೆ ಹಿತವಾಗಿತ್ತು. ಇಟಲಿಯ ಮಾತನ್ನು ಇಂಗ್ಲಿಷಿನ ಕೈಯಿಂದ ಇಸಿದುಕೊಂಡು, ಅದನ್ನು ಕನ್ನಡದಲ್ಲಿ ಹಂಚಿ, ಮೂರಕ್ಕೂ ಯಜಮಾನನೆನಿಸಿಕೊಂಡಿದ್ದ. ಈ ಯಜಮಾನಿಕೆಯ ಬಗ್ಗೆ ಅವನು ಒಬ್ಬನೇ ಇರುವಾಗ ನಾಚಿಕೊಳ್ಳುತ್ತಿದ್ದ. ನಾಲ್ಕು ಜನ ಇದ್ದಾಗ ನಾಚಿಕೆ ಎಲ್ಲಿಗೆ ಹೋಗುತ್ತಿತ್ತೋ ತಿಳಿಯದು.

ಗಂಟೆ ಹೊಡೆದು ಹುಡುಗರು ಹೊರಗೆ ನುಗ್ಗುವಾಗ ಹೆಡ್ಮಾಷ್ಟ್ರು ಗೌರೀಶಂಕರ ಭಟ್ಟರು ಶಲ್ಯ ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದರು. ಅವರ ಮುಖದಲ್ಲಿ ಇನ್‌ಸ್ಪೆಕ್ಷನ್ ದಿನದ ಕಳೆಯಿತ್ತು.

“ಮಾಷ್ಟ್ರೇ, ಬೇಗ ಹೊರಡಿ. ಮಂಗ್ಳೂರಿನಿಂದ ಕಾರು ಬಂದುಂಟು. ಆ ಗೀದು ಪಾದ್ರಿಯ ತಂಗಿ ಅಂತೆ, ಇಟಲಿಯಿಂದ ಹಡಗಿನಲ್ಲಿ ಬಂದದ್ದು. ಅಣ್ಣ ಇದ್ದ ಜಾಗ ನೋಡ್ಬೇಕಂತೆ. ಜೊತೆಗೆ ಬಂದ ಸಿಸ್ಟರಿಗೆ ಭಾಷೆ ಬರ್ತದೆ, ಆದ್ರೆ ಅವರಿಗೆ ಬಂಟ್ವಾಳದಿಂದ ಇಲ್ಲಿವರೆಗೂ ವಾಂತಿ. ಇಲ್ಲೇ ಮಲಗಿದ್ದಾರೆ. ಈ ಅಮ್ಮನಿಗೆ ಇಂಗ್ಲಿಷು ಸುದಾ ಇಲ್ಲ ಮಾರಾಯ್ರೆ!”

“ಇಗರ್ಜಿಯ ಹೊಸ ಪಾದ್ರಿಗಳು...”

“ಅವರಿಗೆ ಲ್ಯಾಟಿನ್ ಪ್ರಾರ್ಥನೆ ಬಾಯಿಪಾಠ ಉಂಟಂತೆ, ಮಾತಾಡ್ಲಿಕ್ಕೆ ಆಗುದಿಲ್ಲಂತೆ. ನಾನು ಹೇಳಿಯಾಯ್ತು, ನಮ್ಮಲ್ಲೇ ಜನ ಉಂಟು ಅಂತ. ಶಾಲೆಯ ಮರ್ಯಾದೆ ಅಲ್ವಾ.”

ತನಗೆ ಇಟಾಲಿಯನ್ ಬರುವುದಿಲ್ಲ ಎಂಬುದು ಇಷ್ಟು ಜನರ ಮುಂದೆ ಬಯಲಾಗುವುದು ಮಹಾಬಲನಿಗೆ ಒಂದು ಭಯ. ಅದರ ಕೆಳಗೆ ಇನ್ನೊಂದಿತ್ತು. ಆ ಮುದುಕಿ ಅಣ್ಣ ಸತ್ತದ್ದು ಹೇಗೆ, ಹತ್ತಿರ ಯಾರಿದ್ದರು ಎಂದು ಕೇಳಿಯೇ ಕೇಳುತ್ತಾಳೆ, ಮತ್ತು ಆ ಪ್ರಶ್ನೆಯನ್ನು ಊರಿನವರಿಗೆ ದಾಟಿಸಬೇಕಾದವನು ತಾನು. ಅಂಗಿ ಬದಲಿಸುವ ನೆಪದಲ್ಲಿ ಮನೆಗೆ ಓಡಿದ. ಹೆಂಡತಿ ವಾರಿಜಾಕ್ಷಿ ಇಸ್ತ್ರಿ ಮಾಡಿದ ಅಂಗಿ ಕೊಟ್ಟು, ಅವನ ಮುಖ ನೋಡಿ ಎಲ್ಲ ತಿಳಿದವಳಂತೆ, “ಬರುದಿಲ್ಲಾಂದ್ರೆ ಬರುದಿಲ್ಲ ಅಂತ ಹೇಳಿ. ಯಾರು ನುಂಗ್ತಾರೆ ನಿಮ್ಮನ್ನು?” ಎಂದಳು.

“ಅದಲ್ಲ.”

“ಮತ್ತೆಂತ?”

ಅವನು ಗುಂಡಿ ಹಾಕಿಕೊಂಡ. ಅವಳಿಗೂ ಹೇಳಿರಲಿಲ್ಲ.

ಅದು ಮೂರೂವರೆ ವರ್ಷದ ಹಿಂದಿನ ಮಾತು, ಐವತ್ತೇಳನೆಯ ಇಸವಿಯ ಜೂನು. ಊರಿಗೆ ಊರೇ ಇನ್‌ಫ್ಲುಯೆಂಜಾ ಜ್ವರದಲ್ಲಿ ಮಲಗಿತ್ತು, ಶಾಲೆಯಲ್ಲಿ ಬೆಂಚುಗಳು ಖಾಲಿ. ಒಂದು ಬೆಳಿಗ್ಗೆ, ವಾರಿಜಾಕ್ಷಿ ತೋಟದಲ್ಲಿದ್ದಾಗ, ಕಡಬದ ಕಡೆ ಸೈಕಲ್ಲಿನಲ್ಲಿ ಮೀನು ಮಾರುವ ಕುಂಞಿ ಮೋನು ಮನೆಯಂಗಳದ ಆಚೆಯೇ ಸೈಕಲ್ಲು ನಿಲ್ಲಿಸಿ, “ಮಾಷ್ಟ್ರೇ, ಪಾದ್ರಿಗಳಿಗೆ ಜ್ವರ ಜೋರುಂಟು. ಕನ್ನಡ ಎಲ್ಲ ಮರ್ತುಹೋಗ್ತಾ ಉಂಟಂತೆ, ಅವರ ಭಾಷೆ ಮಾತ್ರ ಬಾಯಿಗೆ ಬರುದಂತೆ. ನಿಮ್ಮನ್ನೊಮ್ಮೆ ಬರ್ಲಿಕ್ಕೆ ಹೇಳಿದ್ದಾರೆ” ಎಂದು ಕೂಗಿದ. ಕಾಯಿಲೆಯವರ ಕಡೆಯಿಂದ ಬಂದ ಜನಕ್ಕೆ ಬಾಗಿಲಲ್ಲಿ ನಿಂತು ‘ಇಲ್ಲ’ ಎನ್ನುವುದು ಈ ಊರಿನಲ್ಲಿ ಇಲ್ಲ. ಅದು ಅಪಶಕುನ, ಮರ್ಯಾದೆಯೂ ಅಲ್ಲ. ಹೋಗುವವನೂ ಹೋಗದವನೂ ಹೇಳುವುದು ಒಂದೇ ಮಾತು. “ಬರ್ತೇನೆ ಅಂತ ಹೇಳು” ಎಂದ ಮಹಾಬಲ. ಒಂದು ಚಿಪ್ಪು ಕದಳಿ ಬಾಳೆಹಣ್ಣನ್ನೂ ಒಣಶುಂಠಿಯ ಪೊಟ್ಟಣವನ್ನೂ ಕಟ್ಟಿಕೊಟ್ಟ. ನಾವು ಹೋಗದಿದ್ದರೆ ನಮ್ಮ ಬದಲಿಗೆ ಏನಾದರೂ ಹೋಗಬೇಕಲ್ಲ. ಮೋನುವಿಗೂ ಇದೆಲ್ಲ ಅರ್ಥವಾಗುತ್ತದೆ, ಅವನು ಈ ಊರಿನವನೇ. ಮಹಾಬಲ ಜ್ವರಕ್ಕೆ ಹೆದರಿದ್ದನೇ? ಹಾಗೆಂದುಕೊಂಡರೆ ಸಮಾಧಾನ. ನಿಜವಾಗಿ ಹೆದರಿದ್ದು ಆ ಮನುಷ್ಯ ಜ್ವರದ ಅಮಲಿನಲ್ಲಿ ಇಡೀ ಭಾಷೆಯನ್ನೇ ತನ್ನ ಮೇಲೆ ಸುರಿದರೆ, ಅರವತ್ತಮೂರು ಮಾತಿನ ಬೊಗಸೆ ಹಿಡಿದು ತಾನು ಪೆಚ್ಚಾಗಿ ನಿಲ್ಲಬೇಕಲ್ಲ, ಸುತ್ತ ನಿಂತವರು ನೋಡುತ್ತಾರಲ್ಲ ಎಂದು. ನಾಳೆ ಹೋಗೋಣ, ಜ್ವರ ಇಳಿದಿರುತ್ತದೆ, ಕನ್ನಡ ಮರಳಿರುತ್ತದೆ ಎಂದುಕೊಂಡ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮೂರನೆಯ ದಿನ ಪಾದ್ರಿ ಸತ್ತ ಸುದ್ದಿ ಬಂತು. ಮಣ್ಣಿಗೆ ಹೋಗಿ ಎಲ್ಲರಿಗಿಂತ ಹಿಂದೆ ನಿಂತಿದ್ದ. ಆಗಲೂ ಯಾರೋ ಅವನನ್ನು ತೋರಿಸಿ, ಪಾದ್ರಿಗಳ ಭಾಷೆ ಗೊತ್ತಿರುವುದು ಇವರೊಬ್ಬರಿಗೇ ಎಂದರು.

ಕಾರಿನಲ್ಲಿ ಭಟ್ಟರು ಡ್ರೈವರಿನ ಪಕ್ಕ ಹತ್ತಿ ಕೂತು, “ಭಾಷೆ ಗೊತ್ತಿದ್ದವರು ಹತ್ತಿರ ಇರ್ಬೇಕು” ಎಂದು ಮಹಾಬಲನನ್ನು ಹಿಂದಿನ ಸೀಟಿಗೆ ಅಟ್ಟಿದರು. ಅಸ್ಸುಂತಾ ಎಂಬ ಆ ಮುದುಕಿಗೆ ಎಪ್ಪತ್ತರ ಹತ್ತಿರ. ಕರಿಯ ಬಟ್ಟೆ, ತಲೆಗೆ ಕರಿಯ ವಸ್ತ್ರ, ಮಡಿಲಲ್ಲಿ ಅಗಲವಾದ ಎರಡು ಕೈ. ಉಗುರುಗಳು ಒಡೆದು ದಪ್ಪವಾಗಿದ್ದವು. ಪಾದ್ರಿಯ ತಂಗಿ ಎಂದರೆ ಪುಸ್ತಕ ಹಿಡಿದ ಹೆಂಗಸು ಎಂದು ಭಾವಿಸಿದ್ದ ಮಹಾಬಲನಿಗೆ ಆ ಕೈಗಳನ್ನು ನೋಡಿ ಇನ್ನೂ ಸಂಕಟವಾಯಿತು. ಬರಿಗಾಲಿನ ಮಾತುಗಳ ಮನೆಯಿಂದಲೇ ಈಕೆ ಎದ್ದು ಬಂದಿದ್ದಳು. ಅವಳು ಏನೋ ಹೇಳಿದಳು. ಅವನು “ಬ್ರಾವೊ” ಎಂದ. ಅವಳು ಸ್ವಲ್ಪ ಹೊತ್ತು ಅವನನ್ನು ನೋಡಿ, ಮತ್ತೆ ಏನೋ ನಿಧಾನವಾಗಿ ಹೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಮುಂದಿನ ಸೀಟಿನಲ್ಲಿ ಭಟ್ಟರು ತೃಪ್ತಿಯಿಂದ ಡ್ರೈವರಿಗೆ, “ನೋಡಿದ್ಯಾ? ಹೇಗೆ ಮಾತಾಡ್ತಾರೆ” ಎಂದರು. ಡ್ರೈವರು ಕನ್ನಡಿಯಲ್ಲಿ ನೋಡಿದ. ಅವನಿಗೆ ಗೊತ್ತಾಗಿತ್ತು ಎಂದೇ ಮಹಾಬಲನಿಗೆ ಅನಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗೆ ಕನ್ನಡಿಯೂ ಬೇಕಿಲ್ಲ.

ಕೊಯಿಲದಲ್ಲಿ ಸರಕಾರಿ ಫಾರಂನ ದನಗಳು ರಸ್ತೆಯ ಪಕ್ಕ ಮೇಯುತ್ತಿದ್ದವು. ಮುದುಕಿ ಡ್ರೈವರಿನ ಭುಜ ತಟ್ಟಿ ಕಾರು ನಿಲ್ಲಿಸಿದಳು. ಯಾರನ್ನೂ ಕೇಳದೆ ಇಳಿದು, ಒಂದು ಹಸುವಿನ ಹತ್ತಿರ ಹೋಗಿ ಅದರ ಬೆನ್ನ ಮೇಲೆ ಕೈಯಾಡಿಸಿದಳು, ಬಗ್ಗಿ ಕೆಚ್ಚಲು ನೋಡಿದಳು, ಸಾಲದೆಂಬಂತೆ ಮುಖ ಮಾಡಿದಳು. ಆಮೇಲೆ ಮಹಾಬಲನ ಕಡೆ ತಿರುಗಿ ನಾಲ್ಕು ಬೆರಳು ತೋರಿಸಿ ತನ್ನ ಎದೆ ಮುಟ್ಟಿಕೊಂಡಳು. ತನಗೂ ನಾಲ್ಕು ಹಸುಗಳಿವೆ. ಒಂದು ಬೆರಳು ಮಡಚಿ ಕೈ ಮಗುಚಿದಳು. ಒಂದು ಸತ್ತಿದೆ. ಅವನಿಗೆ ಅಷ್ಟೂ ತಿಳಿಯಿತು. ಅರವತ್ತಮೂರರಲ್ಲಿ ಒಂದೂ ಕೆಲಸಕ್ಕೆ ಬಂದಿರಲಿಲ್ಲ. ಬಿಸಿಲಿನಲ್ಲಿ ನಿಂತು ಅವನು ತನ್ನ ಮನೆಯ ದನಗಳಿಗೆ ಎರಡು ಬೆರಳೆತ್ತಿದ. ಅವಳು ನಕ್ಕಳು. ಈ ದಾರಿ ಇಲ್ಲಿಗೇ ಮುಗಿದು ಕಾರು ಹಿಂದೆ ತಿರುಗಿದರೆ ಎಷ್ಟು ಚೆನ್ನಾಗಿತ್ತು ಎಂದು ಅವನಿಗೆ ತುಂಬ ಆಸೆಯಾಯಿತು.

ಇಗರ್ಜಿಯ ಪಕ್ಕದ ಮನೆಯ ಮುಂದೆ ಹೊಸ ಪಾದ್ರಿಯೂ ಹತ್ತಿಪ್ಪತ್ತು ಜನರೂ ಕಾದಿದ್ದರು. ಸಮಾಧಿಯ ಬಳಿ ಮುದುಕಿ ಬಹಳ ಹೊತ್ತು ನಿಲ್ಲಲಿಲ್ಲ. ಕಲ್ಲಿನ ಮೇಲಿನ ಒಣಗಿದ ಎಲೆಗಳನ್ನು ಕೈಯಿಂದಲೇ ಗುಡಿಸಿ, ಶಿಲುಬೆಯ ಗುರುತು ಮಾಡಿ, ಮನೆಯ ಕಡೆ ನಡೆದಳು. ಹಳೆಯ ಪಾದ್ರಿಯ ಕೋಣೆಯನ್ನು ಶೀಲಾವತಿ ತೆರೆದಳು. ಇಪ್ಪತ್ತು ವರ್ಷ ಅವರಿಗೆ ಅಡುಗೆ ಮಾಡಿ ಹಾಕಿದವಳು, ಕೊನೆಯ ದಿನಗಳಲ್ಲಿ ಗಂಜಿ ಕುಡಿಸಿದವಳೂ ಅವಳೇ. ಮಂಚ, ಗೋಡೆಗೆ ಶಿಲುಬೆ, ಮಂಚದ ತಲೆದೆಸೆಗೆ ತಾಗಿದಂತೆ ಒಂದು ಬೆತ್ತದ ಕುರ್ಚಿ. ಬೇರೇನೂ ಇಲ್ಲ. ಮುದುಕಿ ಮಂಚವನ್ನು ಮುಟ್ಟಿದಳು, ದಿಂಬನ್ನು ಮುಟ್ಟಿದಳು. ಆಮೇಲೆ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ಶೀಲಾವತಿಯನ್ನು ಏನೋ ಕೇಳಿದಳು. ಪ್ರಶ್ನೆ ಎಲ್ಲರಿಗೂ ತಿಳಿಯುವಂತಿತ್ತು. ಕಾಯಿಲೆಯವನ ಮಂಚಕ್ಕೆ ಅಷ್ಟು ಹತ್ತಿರ ಕುರ್ಚಿಯಿದ್ದರೆ ಅದರಲ್ಲಿ ಯಾರೋ ಕೂತಿರಬೇಕು.

ಶೀಲಾವತಿ ಮುದುಕಿಗಲ್ಲ, ಮಹಾಬಲನಿಗೆ ಉತ್ತರ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಕಷ್ಟವಾಯಿತು.

“ಅದು ನಿಮಗೆ ಅಂತ ಹಾಕ್ಸಿದ್ದು ಮಾಷ್ಟ್ರೇ. ಮೋನು ಬಂದು, ಮಾಷ್ಟ್ರು ಬರ್ತಾರಂತೆ ಅಂತ ಹೇಳಿದ್ನಲ್ಲ, ಆಗ ಜಗಲಿಯಿಂದ ತರ್ಸಿದ್ರು. ಮೂರು ದಿವಸ. ಗುಡಿಸುವಾಗ ನಾನು ಆಚೆ ಸರಿಸಿದ್ರೆ ಕೈ ಸನ್ನೆ ಮಾಡಿ ಮತ್ತೆ ಇಲ್ಲೇ ಇಡಿಸ್ತಿದ್ರು. ಅವರು ಹೋದ ಮೇಲೆ ನನಗೂ ತೆಗೀಲಿಕ್ಕೆ ಮನಸ್ಸು ಬರ್ಲಿಲ್ಲ. ಅವರ ತಂಗಿಗೆ ಹೇಳಿ.”

ಕುರ್ಚಿಯ ವಿಷಯ ಮಹಾಬಲನಿಗೆ ಗೊತ್ತಿರಲಿಲ್ಲ. ಮೂವತ್ತೈದು ವರ್ಷ ಈ ಊರಿನ ಅನ್ನ ಉಂಡ ಮನುಷ್ಯ, ‘ಬರ್ತೇನೆ’ ಎಂದರೆ ಬರುತ್ತಾರೆ ಎಂದೇ ತಿಳಿದು ಕುರ್ಚಿ ಹಾಕಿಸಿದ್ದರು. ಬಾಳೆಹಣ್ಣು ತಲುಪಿದ ಮೇಲೂ ಅವರಿಗೆ ಗೊತ್ತಾಗಿರಲಿಲ್ಲ. ಅಥವಾ ಜ್ವರದಲ್ಲಿ ಕನ್ನಡ ಮರೆತವರಿಗೆ ಕನ್ನಡದವರ ರೀತಿನೀತಿಯೂ ಮರೆತುಹೋಗಿ, ಮಾತಿಗೆ ಮಾತಿನ ಅರ್ಥವಷ್ಟೇ ಉಳಿದಿತ್ತೋ ಏನೋ. ಮೂರು ದಿನ ಎಂದರೆ ಎಷ್ಟು ಸಲ ಬಾಗಿಲ ಕಡೆ ನೋಡಿರಬಹುದು ಎಂದು ಲೆಕ್ಕ ಹಾಕಹೋಗಿ ಮಹಾಬಲ ಅರ್ಧಕ್ಕೇ ಬಿಟ್ಟ. ಬಾಗಿಲಲ್ಲಿ ಜನ ಒತ್ತಾಗಿ ನಿಂತಿದ್ದರು. ಭಟ್ಟರು ಕೊರಳು ಚಾಚಿ, “ಎಂತ ಕೇಳ್ತಾರೆ? ಹೇಳಿ ಮಾಷ್ಟ್ರೇ, ನಿಧಾನ ಹೇಳಿ” ಎಂದರು. ಏನನ್ನಾದರೂ ಹೇಳಬಹುದಾಗಿತ್ತು. ಇಲ್ಲಿ ಯಾರಿಗೂ ಅವಳ ಭಾಷೆ ಬಾರದು, ಅವಳಿಗೆ ಇವರ ಭಾಷೆ ಬಾರದು. ಕುರ್ಚಿಯಲ್ಲಿ ಶೀಲಾವತಿ ಕೂತಿದ್ದಳು ಎಂದು ಬೆರಳಲ್ಲಿ ತೋರಿಸಿದರೂ ಸಾಕು, ಮುದುಕಿ ಶೀಲಾವತಿಯ ಕೈ ಹಿಡಿದು ಅತ್ತು, ಸಮಾಧಾನದಿಂದ ಹಡಗು ಹತ್ತುತ್ತಾಳೆ. ಸುಳ್ಳೂ ಪೂರ್ತಿ ಸುಳ್ಳಲ್ಲ. ತನ್ನ ಬಗ್ಗೆ ಹೇಳುವುದಾದರೆ ಅದಕ್ಕೂ ಮಾತು ಹುಡುಕಿದ. ಶಾಲೆಯಲ್ಲಿ ಕೆಲಸವಿತ್ತು, ಮನೆಯಲ್ಲಿ ಚಿಕ್ಕಮಕ್ಕಳು, ಜ್ವರ ಅಂಟುವಂಥದು, ಮಾರನೆಯ ದಿನ ಹೊರಟಿದ್ದೆ. ಕನ್ನಡದಲ್ಲಿ ಈ ಮಾತುಗಳು ಮೂರೂವರೆ ವರ್ಷದಿಂದ ಉಜ್ಜಿ ನುಣುಪಾಗಿ ಸಿದ್ಧವಿದ್ದವು. ಇಂಗ್ಲಿಷಿನಲ್ಲಿ ರಜೆಯ ಅರ್ಜಿಯಂಥ ಒಂದು ಉದ್ದ ವಾಕ್ಯವೂ ಇತ್ತು. ಅವಳ ಭಾಷೆಯಲ್ಲಿ ಒಂದೂ ಇರಲಿಲ್ಲ. ನೆಪ ಹೇಳಲು ತುಂಬಾ ಮಾತು ಬೇಕು; ಅಷ್ಟು ಮಾತು ಅವನು ಕಲಿತಿರಲಿಲ್ಲ.

ಅವನು ಕುರ್ಚಿಯನ್ನು ತೋರಿಸಿದ. ತನ್ನ ಎದೆಯ ಮೇಲೆ ಕೈಯಿಟ್ಟ. “ಇಯೊ” ಎಂದ. ನಾನು. ಮೂರು ಬೆರಳೆತ್ತಿದ, ಬಾಗಿಲನ್ನು ತೋರಿಸಿದ. ಆಮೇಲೆ, “ನೊ” ಎಂದ.

ಮುದುಕಿ ಹುಬ್ಬುಗಂಟಿಕ್ಕಿ, ಇನ್ನೊಮ್ಮೆ ಎಂಬಂತೆ ಕುರ್ಚಿಯನ್ನೂ ಅವನನ್ನೂ ತೋರಿಸಿದಳು. ಅವನು ಇನ್ನೊಮ್ಮೆ ಅಷ್ಟನ್ನೂ ಹೇಳಿದ. ಈ ಸಲ ತಪ್ಪು ತಿಳಿಯಲು ಅವಕಾಶವೇ ಇರಲಿಲ್ಲ. ಅವಳ ಮುಖ ನಿಧಾನವಾಗಿ ಕೆಂಪಾಯಿತು. ಅಂಗೈಯಿಂದ ಕುರ್ಚಿಯ ಬೆನ್ನಿಗೆ ಒಂದು ಏಟು ಹಾಕಿ ಎರಡು ಮಾತು ಬೈದಳು. ಅವು ಇಂಗ್ಲಿಷಿಗೆ ಬಂದ ಮಾತುಗಳಾಗಿರಲಿಲ್ಲ.

“ಎಂತ? ಎಂತ ಹೇಳಿದ್ರಿ ನೀವು ಅವರಿಗೆ?” ಭಟ್ಟರಿಗೆ ಗಾಬರಿ.

“ಪಾದ್ರಿಗಳು ಸಾಯುವಾಗ ನನ್ನನ್ನು ಕರೆಸಿದ್ರು ಭಟ್ರೇ. ಬರ್ತೇನೆ ಅಂತ ಹೇಳಿಕಳಿಸಿ ನಾನು ಬರ್ಲಿಲ್ಲ. ಅದನ್ನು ಹೇಳಿದೆ.”

ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೆಲ್ಲರೂ ಒಂದಲ್ಲ ಒಂದು ದಿನ ಹಾಗೆ ಹೇಳಿಕಳಿಸಿದವರೇ. ಮಹಾಬಲ ತಲೆ ತಗ್ಗಿಸಿ ಹೊರಗೆ ಹೋಗಲು ತಿರುಗಿದ. ಮುದುಕಿ ಅವನ ರಟ್ಟೆ ಹಿಡಿದಳು, ಹಾಲು ಕರೆದು ಗಟ್ಟಿಯಾದ ಹಿಡಿತ. ಕುರ್ಚಿಯನ್ನು ಮಂಚಕ್ಕೆ ಎದುರಾಗಿ ತಿರುಗಿಸಿ, ಕೂರು ಎಂದು ಬೆರಳು ಮಾಡಿದಳು. ಅದು ಕ್ಷಮೆಯೋ ಶಿಕ್ಷೆಯೋ ಅವನಿಗೆ ತಿಳಿಯಲಿಲ್ಲ. ಕೂತ. ಬೆತ್ತ ಕಿರುಗುಟ್ಟಿತು. ಅವಳು ಎದುರಿಗೆ ಮಂಚದ ಅಂಚಿನಲ್ಲಿ, ಅಣ್ಣ ಮಲಗುತ್ತಿದ್ದ ಜಾಗದಲ್ಲಿ ಕೂತಳು. ಕೂತು, ಅವನ ಮುಖವನ್ನೇ ನೋಡುತ್ತ ಮಾತಾಡಲು ತೊಡಗಿದಳು.

ಮೊದಲು ಗಡುಸಾಗಿ ಮಾತಾಡಿದಳು, ಆಮೇಲೆ ಮೆತ್ತಗೆ. ಕೈಯನ್ನು ಮೊಣಕಾಲ ಎತ್ತರಕ್ಕೆ ತಂದು ಚಿಕ್ಕ ಹುಡುಗನೊಬ್ಬನನ್ನು ತೋರಿಸಿದಳು, ಎಲ್ಲಿಯೋ ಒಂದು ಬೆಟ್ಟವನ್ನು ತೋರಿಸಿದಳು, ಒಂದು ಸಲ ನಕ್ಕಳು, ವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡಳು. ಮಹಾಬಲನ ಕಿವಿ ಅಭ್ಯಾಸಬಲದಿಂದ ಪಟ್ಟಿಯ ಮಾತುಗಳನ್ನು ಹುಡುಕಿತು. ಒಂದೆರಡು ಸಿಕ್ಕವು, ಜಾರಿಹೋದವು. ಸ್ವಲ್ಪ ಹೊತ್ತಿನಲ್ಲಿ ಹುಡುಕುವುದನ್ನು ಬಿಟ್ಟ. ಬಿಟ್ಟಾಗ ಅವಳ ದನಿ ಚೆನ್ನಾಗಿ ಕೇಳತೊಡಗಿತು. ಪಾದ್ರಿಗೂ ಇಷ್ಟೇ ಬೇಕಿತ್ತು ಎಂಬುದು ಅವನಿಗೆ ಆಗ ಹೊಳೆಯಿತು. ಐದು ವರ್ಷ ತನಗೆ ಪಾಠ ಹೇಳಿದವರಿಗೆ ತನ್ನ ಅರವತ್ತಮೂರು ಮಾತಿನ ಬಂಡವಾಳ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಕರೆಸಿದ್ದರು. ಅರ್ಥ ಹೇಳು ಎಂದು ಯಾರೂ ಅವನನ್ನು ಕೇಳಿರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಭಟ್ಟರು ಮೆಲ್ಲಗೆ ಒಳಗೆ ಬಂದು ಅವನ ಕಿವಿಯ ಹತ್ತಿರ ಬಗ್ಗಿದರು. “ಎಂತ ಹೇಳ್ತಾ ಇದ್ದಾರೆ ಮಾಷ್ಟ್ರೇ?”

“ಗೊತ್ತಾಗುದಿಲ್ಲ ಭಟ್ರೇ,” ಎಂದ ಮಹಾಬಲ, ಅವಳ ಮುಖದಿಂದ ಕಣ್ಣು ತೆಗೆಯದೆ. “ನೀವು ಕಾರಿನಲ್ಲಿ ಹೋಗಿ. ಇವರು ಹೇಳಿ ಮುಗಿಸ್ಲಿ, ನಾನು ಆಮೇಲೆ ಬಸ್ಸಿಗೆ ಬರುದು.”